ವೋಲ್ಟೇಜ್ ಇಲ್ಲ ಅಂದರೆ ಸಪ್ಲೈ ಕೆಟ್ಟಿದೆ ಅಂತಲ್ಲ

ಈ ತಿಂಗಳಲ್ಲಿ ನನ್ನ ಹತ್ತಿರ ರಿಪೇರಿಗೆ ಬಂದಿದ್ದರಲ್ಲಿ ಇದು ಮೂರನೆಯದು. ಮುಚ್ಚಳ ಬಿಚ್ಚಿದ ಟೆಕ್ಟ್ರಾನಿಕ್ಸ್ 465 ಆಸಿಲೋಸ್ಕೋಪ್ (ವೋಲ್ಟೇಜಿನ ಏರಿಳಿತವನ್ನು ಪರದೆಯ ಮೇಲೆ ಗೆರೆಯಾಗಿ ತೋರಿಸುವ ಉಪಕರಣ), ಜೊತೆಗೆ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಕಿತ್ತು ತೆಗೆದ ಕೆಪಾಸಿಟರ್‌ಗಳು, ಅಂದರೆ ವಿದ್ಯುತ್ತನ್ನು ಹಿಡಿದಿಟ್ಟುಕೊಳ್ಳುವ ಬಿಡಿಭಾಗಗಳು. "ಪವರ್ ಸಪ್ಲೈ ಹೋಗಿದೆ ಸಾರ್. ದೊಡ್ಡ ಕೆಪಾಸಿಟರ್ ಎಲ್ಲಾ ಹೊಸದು ಹಾಕಿದೆ. ಆದ್ರೂ ಗೆರೆ ಬರ್ತಿಲ್ಲ." ತಂದವರು ನಿವೃತ್ತ ಫಿಸಿಕ್ಸ್ ಮೇಷ್ಟ್ರು. ಬೈಯೋಕೂ ಮನಸ್ಸು ಬರಲಿಲ್ಲ.

"ಮೊದಲು ಅಳೆದಿರಾ?" ಅಂದೆ. ಅಳೆದಿದ್ದರು. 15 ವೋಲ್ಟ್ ಇರಬೇಕಾದಲ್ಲಿ 1 ವೋಲ್ಟೂ ಇರಲಿಲ್ಲ. ಹಾಗಾಗಿ ಸಪ್ಲೈ ಕೆಟ್ಟಿದೆ ಅಂತ ತೀರ್ಮಾನ. ನನಗೆ ತಲೆ ಬಿಸಿಯಾಗುವುದು ಇಲ್ಲೇ.

ಮನೆಯ ನಲ್ಲಿಯಲ್ಲಿ ನೀರು ಬರಲಿಲ್ಲ ಅಂತ ಮೋಟಾರ್ ಬದಲಾಯಿಸ್ತೀರಾ? ಪೈಪ್ ಎಲ್ಲಾದರೂ ಒಡೆದಿರಬಹುದು ಅಲ್ವಾ? 465ರಲ್ಲಿ 110, 55, 15, 5 ಮತ್ತು ಮೈನಸ್ 8 ವೋಲ್ಟಿನ ಸಪ್ಲೈಗಳಿವೆ. ಅವು ಸ್ಕೋಪಿನ ಎಲ್ಲ ಬೋರ್ಡಿಗೂ ಹೋಗುತ್ತವೆ. ಬೋರ್ಡುಗಳಲ್ಲಿ ಹನಿಯಾಕಾರದ ಪುಟ್ಟ ಟ್ಯಾಂಟಲಮ್ ಕೆಪಾಸಿಟರ್‌ಗಳಿರುತ್ತವೆ. ವಯಸ್ಸಾದಾಗ ಇವು ಶಾರ್ಟ್ ಆಗುತ್ತವೆ. ಒಂದು ಶಾರ್ಟ್ ಆದರೂ ಸಾಕು, ಸಪ್ಲೈಯ ವೋಲ್ಟೇಜನ್ನು ಹದದಲ್ಲಿಡುವ ರೆಗ್ಯುಲೇಟರ್ ಕರೆಂಟನ್ನು ತಡೆದು ವೋಲ್ಟೇಜ್ ಇಳಿಸುತ್ತದೆ. ಅಂದರೆ ಸಪ್ಲೈ ತನ್ನ ಕೆಲಸವನ್ನೇ ಮಾಡುತ್ತಿದೆ. ನೀವು ಅದರ ಮೇಲೇ ಗೂಬೆ ಕೂರಿಸುತ್ತಿದ್ದೀರಿ.

ಆದ್ದರಿಂದ ಪ್ಲಗ್ ಕಿತ್ತು, ದೊಡ್ಡ ಕೆಪಾಸಿಟರ್‌ಗಳನ್ನು ರೆಸಿಸ್ಟರ್ ಮೂಲಕ ಖಾಲಿ ಮಾಡಿ. ಸ್ಕ್ರೂಡ್ರೈವರ್ ಅಡ್ಡ ಇಟ್ಟು ಕಿಡಿ ಹಾರಿಸಬೇಡಿ. ಆಮೇಲೆ ಒಂದೊಂದು ಸಪ್ಲೈಗೂ ಗ್ರೌಂಡಿಗೂ ನಡುವೆ ಎಷ್ಟು ಓಮ್ ಇದೆ ನೋಡಿ. ಮೇಷ್ಟ್ರ ಸ್ಕೋಪಿನಲ್ಲಿ 15 ವೋಲ್ಟಿನ ಲೈನಿನಲ್ಲಿ ಒಂದೂವರೆ ಓಮ್ ಇತ್ತು. ಶಾರ್ಟ್ ಅನ್ನಲು ಇನ್ನೇನು ಬೇಕು?

ಅದು ಎಲ್ಲಿದೆ ಅಂತ ಹುಡುಕಲು ಒಂದೊಂದೇ ಪಾರ್ಟ್ ಕೀಳಬೇಕಿಲ್ಲ. ಸ್ಕೋಪ್ ಆಫ್ ಇರುವಾಗಲೇ ಹೊರಗಿನ ಬೆಂಚ್ ಸಪ್ಲೈನಿಂದ (ವೋಲ್ಟೇಜ್, ಕರೆಂಟ್ ಎರಡಕ್ಕೂ ಮಿತಿ ಹಾಕಬಹುದಾದ ಸಪ್ಲೈ) ಆ ಲೈನಿಗೆ ಅರ್ಧ ಆಂಪಿಯರ್ ಕೊಡಿ. ವೋಲ್ಟೇಜ್ ಮಿತಿ 1 ವೋಲ್ಟ್ ದಾಟದಿರಲಿ. ಮೀಟರನ್ನು ಮಿಲಿವೋಲ್ಟಿಗಿಟ್ಟು ಲೈನಿನುದ್ದಕ್ಕೂ ಮುಟ್ಟುತ್ತಾ ಹೋಗಿ. ಶಾರ್ಟ್ ಹತ್ತಿರವಾದಂತೆ ಮೀಟರಿನ ಓದು ಇಳಿಯುತ್ತದೆ. ಶಾರ್ಟ್ ಇಲ್ಲದ ಕವಲಿಗೆ ಹೊರಳಿದರೆ ಓದು ಅಲ್ಲೇ ನಿಲ್ಲುತ್ತದೆ. ವಾಪಸ್ ಬಂದು ಇನ್ನೊಂದು ಕವಲು ಹಿಡಿಯಿರಿ. ಮೇಷ್ಟ್ರು ಪಕ್ಕದಲ್ಲಿ ಕೂತು ಅಂಕಿಗಳನ್ನು ಜೋರಾಗಿ ಓದುತ್ತಿದ್ದರು. ಅತಿ ಕಡಿಮೆ ಓದು ಸಿಕ್ಕಿದ್ದು ವರ್ಟಿಕಲ್ ಬೋರ್ಡಿನ ಒಂದು ಮೂಲೆಯ ಟ್ಯಾಂಟಲಮ್ ಹತ್ತಿರ. ಅದರ ಒಂದು ಕಾಲು ಎತ್ತಿದೆ, ಶಾರ್ಟ್ ಹೋಯಿತು. ಜಾಗದಲ್ಲಿ 35 ವೋಲ್ಟಿನದ್ದು ಹಾಕಿದೆ.

ಎಲ್ಲ ಕೇಸೂ ಹೀಗೇ ಅಂತ ನಾನು ಹೇಳಲ್ಲ. ಎಸಿಯನ್ನು ಡಿಸಿ ಮಾಡುವ ಡಯೋಡ್ ಬ್ರಿಡ್ಜ್ ಹೋಗಿರುತ್ತದೆ, ರೆಗ್ಯುಲೇಟರ್ ಟ್ರಾನ್ಸಿಸ್ಟರ್ ಹೋಗಿರುತ್ತದೆ. ಫಿಲ್ಟರ್ ಕೆಪಾಸಿಟರ್ ನಿಜವಾಗಿಯೂ ಒಣಗಿದ್ದರೆ ನಮ್ಮ 50 ಹರ್ಟ್ಸ್ ಕರೆಂಟಿನಲ್ಲಿ 100 ಹರ್ಟ್ಸ್ ರಿಪ್ಪಲ್, ಅಂದರೆ ಡಿಸಿಯಲ್ಲಿ ಉಳಿದ ಏರಿಳಿತ, ಕಾಣುತ್ತದೆ. ಅದನ್ನು ಕಂಡ ಮೇಲೆ ಬದಲಾಯಿಸಿ, ಬೇಡ ಅಂದವರಾರು? 465ರಲ್ಲಿ 55 ವೋಲ್ಟನ್ನೇ ಮೊದಲು ನೋಡಿ, ಉಳಿದ ಸಪ್ಲೈಗಳಿಗೆ ಅದೇ ಆಧಾರ. ಆದರೆ ಅದರ ಅಡ್ಜಸ್ಟ್‌ಮೆಂಟನ್ನು ಸುಮ್ನೆ ತಿರುಗಿಸಬೇಡಿ, ಸ್ಕೋಪಿನ ಕ್ಯಾಲಿಬ್ರೇಶನ್ನೇ ಅದರ ಜೊತೆ ಹೋಗುತ್ತದೆ. ಹೈ ವೋಲ್ಟೇಜ್ ಭಾಗಕ್ಕೆ ಕೈ ಹಾಕುವುದಂತೂ ಬೇಡವೇ ಬೇಡ. ಪಿಕ್ಚರ್ ಟ್ಯೂಬಿನ ಹತ್ತಿರ ಸಾವಿರಾರು ವೋಲ್ಟ್ ಇರುತ್ತದೆ. ಸ್ವಿಚಿಂಗ್ ಸಪ್ಲೈ ಇರುವ ಸ್ಕೋಪುಗಳದ್ದು ಬೇರೆಯೇ ಕಥೆ. ಅಲ್ಲಿ ಮನೆಯ ಕರೆಂಟು ಒಳಗೆ ಬರುವ ಕಡೆಯಲ್ಲೇ 325 ವೋಲ್ಟ್ ಡಿಸಿ ಕಾಯುತ್ತಿರುತ್ತದೆ. ಗೊತ್ತಿದ್ದವರ ಜೊತೆ ಕೂತು ಕಲಿಯಿರಿ.

ಗೆರೆ ಬಂತು. ಮೇಷ್ಟ್ರು ಮಗುವಿನ ಹಾಗೆ ನಕ್ಕರು. ಕವರಿನಲ್ಲಿದ್ದ ಹಳೇ ಕೆಪಾಸಿಟರ್‌ಗಳನ್ನು ಅಳೆದೆ, ಎಲ್ಲವೂ ಸರಿಯಾಗಿದ್ದವು. "ಅವನ್ನೇ ವಾಪಸ್ ಹಾಕ್ಲಾ?" ಅಂದರು. "ಈಗ ಬೇಡ ಮೇಷ್ಟ್ರೇ, ಬೋರ್ಡಿನ ತಾಮ್ರ ಇನ್ನೊಂದು ಸಲ ಬಿಸಿ ತಡೆಯಲ್ಲ" ಅಂದೆ.