ಪಿಯುಸಿ ಕೈಕೊಟ್ಟ ಮೇಲೆ ಟೂಲ್ ರೂಮ್

ದ್ವಿತೀಯ ಪಿಯುಸಿ ಫಲಿತಾಂಶ ಬಂದ ವಾರ ಎಷ್ಟೋ ಮನೆಗಳಲ್ಲಿ ಒಂದೇ ಚರ್ಚೆ. ವಿಜ್ಞಾನ ತೆಗೆದುಕೊಂಡ ಹುಡುಗ ಫಿಸಿಕ್ಸಿನಲ್ಲೋ ಮ್ಯಾಥ್ಸಿನಲ್ಲೋ ಫೇಲು. ಇಲ್ಲವೇ ಪಾಸಾದರೂ ಸಿಇಟಿ ರ‍್ಯಾಂಕು ನೋಡಿದರೆ ಯಾವ ಕಾಲೇಜೂ ಕೈಗೆ ಎಟುಕುವಂತಿಲ್ಲ. ಅಪ್ಪ ಇನ್ನೊಂದು ವರ್ಷ ಕೋಚಿಂಗಿಗೆ ಹಾಕೋಣ ಎನ್ನುತ್ತಾರೆ. ಸೋದರಮಾವ ಬಿ.ಎ. ಮಾಡಿ ಕೆಎಎಸ್‌ಗೆ ಓದಲಿ ಎನ್ನುತ್ತಾರೆ. ಈ ಚರ್ಚೆಯಲ್ಲಿ ಟೂಲ್ ರೂಮ್ ಎಂಬ ಹೆಸರು ಬರುವುದು ಅಪರೂಪ. ಆದರೆ ಪೀಣ್ಯದಲ್ಲೋ ಬೆಳಗಾವಿಯ ಉದ್ಯಮಬಾಗದಲ್ಲೋ ಟೂಲ್ ರೂಮುಗಳಲ್ಲಿ ಹಿರಿಯ ಕೆಲಸಗಾರರನ್ನು ವಿಚಾರಿಸಿ ನೋಡಿ: ಬಹಳ ಜನ ಈ ಕಸುಬನ್ನು ಬಯಸಿ ಬಂದವರಲ್ಲ, ಬೇರೆ ಬಾಗಿಲು ಮುಚ್ಚಿದ ಮೇಲೆ ಬಂದವರು.

ಟೂಲ್ ರೂಮಿನಲ್ಲಿ ನಡೆಯುವುದೇನು? ನೀರಿನ ಬಾಟಲಿಯ ಮುಚ್ಚಳ, ಸ್ವಿಚ್ ಬೋರ್ಡಿನ ಕವರ್, ಸ್ಕೂಟರಿನ ಬ್ರಾಕೆಟ್ಟು, ಪ್ರೆಶರ್ ಕುಕ್ಕರಿನ ಹಿಡಿ, ಇವೆಲ್ಲ ಒಂದೇ ಅಳತೆಯಲ್ಲಿ ಲಕ್ಷಗಟ್ಟಲೆ ಬರಬೇಕಾದರೆ ಮೊದಲು ಅವುಗಳ ಅಚ್ಚು ಬೇಕು. ತಗಡು ಕತ್ತರಿಸುವುದಕ್ಕೆ ಪ್ರೆಸ್ ಟೂಲ್, ಪ್ಲಾಸ್ಟಿಕ್ಕಿಗೆ ಮೋಲ್ಡ್, ಯಂತ್ರದ ಮೇಲೆ ಭಾಗವನ್ನು ಹಿಡಿದು ನಿಲ್ಲಿಸುವುದಕ್ಕೆ ಜಿಗ್ ಮತ್ತು ಫಿಕ್ಸ್ಚರ್. ಇವನ್ನು ಮಾಡುವವರೇ ಟೂಲ್ ಮೇಕರ್‌ಗಳು. ಒಂದು ಟೂಲ್ ಸಾಮಾನ್ಯವಾಗಿ ಒಂದೇ ಸಲ ತಯಾರಾಗುತ್ತದೆ, ಹಾಗಾಗಿ ಇದು ಒಂದೇ ಬಟನ್ ಒತ್ತುತ್ತಾ ದಿನ ದೂಡುವ ಕೆಲಸವಲ್ಲ.

ಸೇರುವ ದಾರಿಗಳು ಮುಖ್ಯವಾಗಿ ಮೂರು, ಮೂರಕ್ಕೂ ಎಸ್ಸೆಸ್ಸೆಲ್ಸಿ ಪಾಸಾಗಿದ್ದರೆ ಸಾಕು. ಒಂದು, ಕರ್ನಾಟಕ ಸರ್ಕಾರದ ಜಿಟಿಟಿಸಿ, ಅಂದರೆ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ. 1972ರಲ್ಲಿ ಡೆನ್ಮಾರ್ಕ್ ಸರ್ಕಾರದ ನೆರವಿನಿಂದ ಬೆಂಗಳೂರಿನಲ್ಲಿ ಆರಂಭವಾದ ಈ ಸಂಸ್ಥೆಗೆ ಈಗ ರಾಜ್ಯದ ಹಲವು ಜಿಲ್ಲೆಗಳಲ್ಲಿ ಕೇಂದ್ರಗಳಿವೆ. ಇಲ್ಲಿನ ಟೂಲ್ ಅಂಡ್ ಡೈ ಮೇಕಿಂಗ್ ಡಿಪ್ಲೊಮಾ ನಾಲ್ಕು ವರ್ಷದ್ದು. ಕೊನೆಯ ವರ್ಷ ಪೂರ್ತಿ ಕಾರ್ಖಾನೆಯಲ್ಲೇ ತರಬೇತಿ. ಎರಡು, ಐಟಿಐನಲ್ಲಿ ಟೂಲ್ ಅಂಡ್ ಡೈ ಮೇಕರ್, ಫಿಟ್ಟರ್, ಟರ್ನರ್ ಅಥವಾ ಮಷಿನಿಸ್ಟ್. ಇವು ಎರಡು ವರ್ಷದ ಟ್ರೇಡುಗಳು. ಮೂರು, ಪಾಲಿಟೆಕ್ನಿಕ್ಕಿನ ಮೆಕ್ಯಾನಿಕಲ್ ಡಿಪ್ಲೊಮಾ, ಮೂರು ವರ್ಷ. ಪಿಯುಸಿ ವಿಜ್ಞಾನ ಪಾಸಾದವರಿಗೆ ಮತ್ತು ಎರಡು ವರ್ಷದ ಐಟಿಐ ಮುಗಿಸಿದವರಿಗೆ ಪಾಲಿಟೆಕ್ನಿಕ್ಕಿನಲ್ಲಿ ನೇರವಾಗಿ ಎರಡನೇ ವರ್ಷಕ್ಕೆ, ಅಂದರೆ ಮೂರನೇ ಸೆಮಿಸ್ಟರಿಗೆ, ಪ್ರವೇಶ ಸಿಗುತ್ತದೆ.

ಅದಕ್ಕೇ ಒಂದು ಮಾತು. ಪಿಯುಸಿಯಲ್ಲಿ ಒಂದೆರಡು ವಿಷಯ ಉಳಿದಿದ್ದರೆ ಅದನ್ನು ಹಾಗೇ ಬಿಟ್ಟು ಬರಬೇಡಿ. ಫೇಲಾದ ವಿಷಯಗಳನ್ನಷ್ಟೇ ಮತ್ತೆ ಬರೆದರೆ ಸಾಕು, ಮತ್ತು ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿಗೆ ಅವಕಾಶವಿದೆ. ಪಾಸಾದರೆ ಡಿಪ್ಲೊಮಾದಲ್ಲಿ ಪೂರ್ತಿ ಒಂದು ವರ್ಷ ಉಳಿತಾಯವಾಗುತ್ತದೆ. ಆದರೆ ಬರೀ ಆ ಒಂದು ವಿಷಯಕ್ಕಾಗಿ ವರ್ಷವೆಲ್ಲ ಮನೆಯಲ್ಲಿ ಕೂರುವುದು ದಡ್ಡತನ. ಐಟಿಐ ಸೇರಿ, ಜೊತೆಗೇ ಪರೀಕ್ಷೆ ಕಟ್ಟಿ.

ಸೇರಿದ ಮೇಲೆ ಮೊದಲ ಕೆಲವು ತಿಂಗಳು ಬಹುಪಾಲು ಅರ, ಅಂದರೆ ಲೋಹ ಉಜ್ಜುವ ಫೈಲ್, ಹಿಡಿಯುವ ಕೆಲಸ. ಬಿಟ್ಟುಹೋಗುವವರು ಹೆಚ್ಚಾಗಿ ಬಿಡುವುದು ಇಲ್ಲೇ. ಕೈಗೆ ಮೈಲ್ಡ್ ಸ್ಟೀಲಿನ ಒಂದು ತುಂಡು ಕೊಡುತ್ತಾರೆ, ಅದರ ಮುಖಗಳನ್ನು ಸಮತಟ್ಟಾಗಿಯೂ ಒಂದಕ್ಕೊಂದು ತೊಂಬತ್ತು ಡಿಗ್ರಿಯಲ್ಲಿಯೂ ಅರದಿಂದ ಉಜ್ಜಿ ತರಬೇಕು. ಲಂಬಕೋನ ಪರೀಕ್ಷಿಸುವ ಟ್ರೈ ಸ್ಕ್ವೇರ್ ಇಟ್ಟು ಬೆಳಕಿಗೆ ಹಿಡಿದರೆ ಸಂದಿನಲ್ಲಿ ಬೆಳಕು ಕಾಣಬಾರದು. ಹೊಸಬರದು ಬಹುತೇಕ ನಡುವೆ ಉಬ್ಬಿ ಎರಡು ತುದಿ ಇಳಿದಿರುತ್ತದೆ. ಕಾರಣ ಸರಳ: ಅರ ಮುಂದೆ ಹೋದಂತೆ ಅದರ ತುದಿ ಹಿಡಿದ ಕೈಯ ಒತ್ತಡ ಕಡಿಮೆಯಾಗಿ ಹಿಡಿಯ ಮೇಲಿನ ಕೈಯ ಒತ್ತಡ ಹೆಚ್ಚಬೇಕು. ಎರಡೂ ಕೈ ಒಂದೇ ಸಮ ಒತ್ತಿದರೆ ಅರ ತೂಗುತ್ತದೆ. ತುಂಡನ್ನು ಕಚ್ಚಿ ಹಿಡಿಯುವ ವೈಸಿನ ಎತ್ತರವೂ ಮುಖ್ಯ. ಅದರ ದವಡೆ ಹೆಚ್ಚುಕಡಿಮೆ ಮೊಣಕೈ ಮಟ್ಟಕ್ಕೆ ಬರಬೇಕು. ಗಿಡ್ಡ ಇರುವವರು ಕಾಲಡಿಗೆ ಹಲಗೆ ಹಾಕಿಕೊಳ್ಳಬೇಕು, ಇದನ್ನು ಕೇಳುವುದಕ್ಕೆ ನಾಚಿಕೆ ಬೇಡ. ಅರದ ಹಲ್ಲಿನಲ್ಲಿ ಚೂರು ಸಿಕ್ಕಿಕೊಂಡು ಜಾಬಿನ, ಅಂದರೆ ಮಾಡುತ್ತಿರುವ ತುಂಡಿನ, ಮೇಲೆ ಗೀರು ಬೀಳುತ್ತಿದ್ದರೆ ಹಲ್ಲಿಗೆ ಸೀಮೆಸುಣ್ಣ ತಿಕ್ಕಿ.

'ಕಂಪ್ಯೂಟರ್ ನಡೆಸುವ ಸಿಎನ್‌ಸಿ ಯಂತ್ರಗಳ ಕಾಲದಲ್ಲಿ ಅರ ಯಾಕೆ?' ಎಂದು ತಂದೆತಾಯಿ ಕೇಳುತ್ತಾರೆ. ಅರ ಹಿಡಿದವನಿಗೆ ನೂರನೇ ಒಂದು ಮಿಲಿಮೀಟರ್ ಎಷ್ಟೆಂಬುದು ಬೆರಳಿಗೆ ಗೊತ್ತಾಗುತ್ತದೆ. ಯಂತ್ರದಿಂದ ಬಂದ ಭಾಗಗಳನ್ನು ಕೊನೆಗೆ ಜೋಡಿಸಿ ಹೊಂದಿಸುವುದು ಇವತ್ತಿಗೂ ಕೈಯೇ.

ಗಣಿತ ಬಾರದು ಎಂದು ಪಿಯುಸಿಯಿಂದ ಓಡಿಬಂದವರು ಇಲ್ಲಿ ಗಣಿತ ಇರುವುದಿಲ್ಲ ಎಂದುಕೊಂಡಿದ್ದರೆ ಆ ಭ್ರಮೆಯನ್ನು ಸೇರುವ ಮೊದಲೇ ಬಿಡುವುದು ಒಳ್ಳೆಯದು. ಇರುತ್ತದೆ, ದಿನವೂ ಇರುತ್ತದೆ. ಆದರೆ ಅದರ ರೂಪ ಬೇರೆ. ಎಂ8, ಅಂದರೆ 8 ಮಿ.ಮೀ. ವ್ಯಾಸದ, ಬೋಲ್ಟಿಗೆ ತೂತಿನಲ್ಲಿ ಒಳಮರೆ (ಥ್ರೆಡ್) ತೆಗೆಯಬೇಕು, ಎಷ್ಟರ ಡ್ರಿಲ್ ಹಾಕಬೇಕು? ವ್ಯಾಸದಿಂದ ಪಿಚ್, ಅಂದರೆ ಮರೆಯಿಂದ ಮರೆಗಿರುವ ದೂರ, ಕಳೆಯಿರಿ: 8ರಲ್ಲಿ 1.25 ಹೋದರೆ 6.75, ಸಿಗುವ ಡ್ರಿಲ್ 6.8 ಮಿ.ಮೀ. ಎಂ10ಕ್ಕೆ 8.5. ಎಂ8ಕ್ಕೆ ಮರೆತು 6.5 ಹಾಕಿದರೆ ಮರೆ ಕೊರೆಯುವ ಟ್ಯಾಪ್ ಜಾಬಿನೊಳಗೇ ಮುರಿಯುತ್ತದೆ, ಅದನ್ನು ತೆಗೆಯುವುದಕ್ಕೆ ಅರ್ಧ ದಿನ. ಇನ್ನು ತ್ರಿಕೋನಮಿತಿ. ಗ್ರೈಂಡಿಂಗ್ ಮಷಿನ್ನಿನ ಮೇಲೆ 25 ಡಿಗ್ರಿ ಕೋನ ಬೇಕೆಂದರೆ ಕೋನ ಹೊಂದಿಸುವ 100 ಮಿ.ಮೀ. ಉದ್ದದ ಸೈನ್ ಬಾರಿನ ಒಂದು ತುದಿಯ ಕೆಳಗೆ ಎಷ್ಟು ಎತ್ತರದ ಸ್ಲಿಪ್ ಗೇಜ್, ಅಂದರೆ ನಿಖರ ದಪ್ಪದ ಉಕ್ಕಿನ ಬಿಲ್ಲೆಗಳನ್ನು, ಇಡಬೇಕು? ಸೈನ್ 25 ಅಂದರೆ 0.4226, ಆದ್ದರಿಂದ 42.26 ಮಿ.ಮೀ. ಎಸ್ಸೆಸ್ಸೆಲ್ಸಿಯಲ್ಲಿ ಗೋಪುರದ ಎತ್ತರ ಕಂಡುಹಿಡಿಯಲು ತಡವರಿಸಿದವರೂ ಇದನ್ನು ಬೇಗ ಹಿಡಿಯುತ್ತಾರೆ. ಉತ್ತರ ಸರಿಯೋ ತಪ್ಪೋ ಸಣ್ಣ ವ್ಯತ್ಯಾಸವನ್ನೂ ಮುಳ್ಳಿನಲ್ಲಿ ತೋರಿಸುವ ಡಯಲ್ ಗೇಜು ಅಲ್ಲೇ ಹೇಳಿಬಿಡುತ್ತದೆ, ಮೌಲ್ಯಮಾಪಕರಿಗೆ ಕಾಯಬೇಕಿಲ್ಲ.

ಎರಡನೇ ವರ್ಷದ ಹೊತ್ತಿಗೆ ಪ್ರೆಸ್ ಟೂಲ್ ಕೈಗೆ ಬರುತ್ತದೆ. ಮೇಲಿನ ಪಂಚ್ ಕೆಳಗಿನ ಡೈಯೊಳಗೆ ಇಳಿದು ತಗಡನ್ನು ಕತ್ತರಿಸುತ್ತದೆ, ಎರಡರ ನಡುವೆ ಸಣ್ಣ ಸಂದು ಇರಬೇಕು. ಮೈಲ್ಡ್ ಸ್ಟೀಲಿಗೆ ಒಂದೊಂದು ಬದಿಗೆ ತಗಡಿನ ದಪ್ಪದ ಸುಮಾರು ನೂರಕ್ಕೆ ಐದು ಪಾಲು, ಅಂದರೆ 1 ಮಿ.ಮೀ. ತಗಡಿಗೆ 0.05 ಮಿ.ಮೀ. ಸಂದು ಹೆಚ್ಚಾದರೆ ತಗಡಿನ ಅಂಚು ಮಡಚಿಕೊಂಡು ಬರ್, ಅಂದರೆ ಚೂಪಾದ ಒರಟು ಅಂಚು, ಬರುತ್ತದೆ. ಕಡಿಮೆಯಾದರೆ ಪಂಚಿನ ಅಂಚು ಬೇಗ ಸವೆಯುತ್ತದೆ, ಪ್ರೆಸ್ಸಿನ ಮೇಲೂ ಭಾರ ಹೆಚ್ಚು. ವಿದ್ಯಾರ್ಥಿಗಳು ಪದೇಪದೇ ಎಡವುವುದು ಆ ಸಂದನ್ನು ಯಾವ ಕಡೆ ಕೊಡಬೇಕು ಎಂಬಲ್ಲಿ. ಕತ್ತರಿಸಿ ಬಿದ್ದ ತುಂಡೇ ನಮಗೆ ಬೇಕಾದ ಭಾಗವಾದರೆ ಡೈ ಅಳತೆಗೆ ಸರಿಯಾಗಿರಬೇಕು, ಸಂದನ್ನು ಪಂಚಿನಿಂದ ಕಳೆಯಬೇಕು. ನಮಗೆ ಬೇಕಾದದ್ದು ತೂತಾದರೆ ಪಂಚ್ ಅಳತೆಗೆ ಸರಿಯಾಗಿರಬೇಕು, ಸಂದನ್ನು ಡೈಗೆ ಕೂಡಿಸಬೇಕು. ತಿರುಗುಮುರುಗಾದರೆ ಇಡೀ ಟೂಲ್ ಗುಜರಿಗೆ. ಪ್ರೆಸ್ ಎಷ್ಟು ಟನ್ನಿನದು ಬೇಕು ಎಂಬ ಲೆಕ್ಕವೂ ಹೀಗೇ: ಕತ್ತರಿಸುವ ಅಂಚಿನ ಸುತ್ತಳತೆ, ದಪ್ಪ, ಲೋಹದ ಕತ್ತರಿ ಬಲ (ಶಿಯರ್ ಸ್ಟ್ರೆಂತ್), ಮೂರನ್ನೂ ಗುಣಿಸಿ. 20 ಮಿ.ಮೀ. ವ್ಯಾಸದ ಬಿಲ್ಲೆ, 1 ಮಿ.ಮೀ. ತಗಡು, ಚದರ ಮಿ.ಮೀ.ಗೆ 350 ನ್ಯೂಟನ್ ಹಿಡಿದರೆ ಸುಮಾರು 22,000 ನ್ಯೂಟನ್, ಅಂದರೆ ಎರಡೂಕಾಲು ಟನ್ನಿನ ಹತ್ತಿರ.

ಉಕ್ಕನ್ನು ಗಡಸಾಗಿಸುವ ಹಾರ್ಡನಿಂಗಿನಲ್ಲಿ ಆಗುವ ನಷ್ಟ ಎಲ್ಲಕ್ಕಿಂತ ನೋಯಿಸುತ್ತದೆ. ಡಿ2 ಎಂಬ ಟೂಲ್ ಉಕ್ಕಿನ ಡೈಯನ್ನು ಸಾವಿರ ಡಿಗ್ರಿ ಸೆಲ್ಸಿಯಸ್ ದಾಟಿಸಿ ಕಾಯಿಸಿ, ತಣಿಸಿ, ಮತ್ತೆ ಕಡಿಮೆ ಶಾಖದಲ್ಲಿ ಟೆಂಪರ್ ಮಾಡಿದಾಗ ಅದು ಗಡಸುತನದ ರಾಕ್‌ವೆಲ್ ಮಾಪಕದಲ್ಲಿ 58–60 ಎಚ್‌ಆರ್‌ಸಿ ಮುಟ್ಟುತ್ತದೆ. ಒಳಮೂಲೆಯನ್ನು ದುಂಡಗೆ ಮಾಡದೆ ಚೂಪಾಗಿ ಬಿಟ್ಟಿದ್ದರೆ ತಣಿಯುವಾಗ ಅಲ್ಲಿಂದಲೇ ಬಿರುಕು ಏಳುತ್ತದೆ. ವಾರಗಟ್ಟಲೆ ಮಾಡಿದ ಕೆಲಸ ಒಂದು 'ಟಿಂಕ್' ಶಬ್ದದಲ್ಲಿ ಮುಗಿಯುತ್ತದೆ. ಗ್ರೈಂಡಿಂಗಿಗೆ ಒಂದಿಷ್ಟು ಹೆಚ್ಚುವರಿ ದಪ್ಪ ಬಿಡದಿದ್ದರೂ ಅಷ್ಟೇ. ಶಾಖಕ್ಕೆ ಡೈ ಸ್ವಲ್ಪ ಸೊಟ್ಟಗಾಗುತ್ತದೆ, ತಿದ್ದಲು ಲೋಹವೇ ಉಳಿದಿರುವುದಿಲ್ಲ. ಇಲ್ಲಿ ಯಾರೂ ಫೇಲ್ ಎಂದು ಬರೆಯುವುದಿಲ್ಲ. ಏನು ತಪ್ಪಾಯಿತು ಎಂದು ತುಂಡನ್ನು ಮೇಜಿನ ಮೇಲಿಟ್ಟು ನೋಡುತ್ತಾರೆ, ಮತ್ತೆ ಮಾಡುತ್ತಾರೆ. ಪರೀಕ್ಷೆಯಲ್ಲಿ ಸೋತು ಬಂದವರಲ್ಲಿ ಹಲವರು ಇಲ್ಲಿ ಚೇತರಿಸಿಕೊಳ್ಳಲು ಇದೇ ಕಾರಣ ಎಂಬುದು ನಮ್ಮ ಅನಿಸಿಕೆ.

ಎಲ್ಲರಿಗೂ ಇದು ಒಗ್ಗುತ್ತದೆ ಎಂದಲ್ಲ. ದಿನವಿಡೀ ನಿಲ್ಲಬೇಕು, ಯಂತ್ರ ತಣಿಸುವ ಕೂಲಂಟಿನ ವಾಸನೆ ಬಟ್ಟೆ ಬಿಡುವುದಿಲ್ಲ, ಶಿಫ್ಟ್ ಇರುತ್ತದೆ. ಅವಸರದವರಿಗೆ ಕಷ್ಟ. ಡ್ರಿಲ್ಲಿಂಗ್ ಮಷಿನ್ನಿನ ಹತ್ತಿರ ಕೈಗವಸು, ಉಂಗುರ, ಇಳಿಬಿಟ್ಟ ಕೂದಲು ಯಾವುದೂ ಕೂಡದು. ತಿರುಗುವ ಡ್ರಿಲ್ಲಿಗೆ ಸಿಕ್ಕಿದ ಕೈಗವಸು ಬೆರಳನ್ನೂ ಎಳೆದುಕೊಳ್ಳುತ್ತದೆ. ಹೆಣ್ಣುಮಕ್ಕಳಿಗೆ ಇದು ಆಗದ ಕೆಲಸ ಎಂಬ ಮಾತಿಗೆ ಮಾತ್ರ ಆಧಾರವಿಲ್ಲ. ಡಿಸೈನ್, ಸಿಎನ್‌ಸಿ ಪ್ರೋಗ್ರಾಮಿಂಗ್, ಸಿಎಂಎಂ ಎಂಬ ಅಳತೆ ಯಂತ್ರದಲ್ಲಿ ಭಾಗಗಳನ್ನು ಅಳೆಯುವ ವಿಭಾಗ, ಎಲ್ಲೂ ತೋಳ್ಬಲದ ಪ್ರಶ್ನೆ ಇಲ್ಲ.

ಮೊದಲೇ ಲೆಕ್ಕ ಹಾಕದ ದಾರಿ ತೆರೆದುಕೊಳ್ಳುವುದೂ ಈ ವಿಭಾಗಗಳಲ್ಲೇ. ಫಿಟ್ಟಿಂಗಿಗೆಂದು ಬಂದವರು ಅಳತೆ ವಿಭಾಗಕ್ಕೆ ಹೋಗುತ್ತಾರೆ, ಲೇಥಿನಲ್ಲಿದ್ದವರು ವಿದ್ಯುತ್ ತಂತಿಯಿಂದ ಲೋಹ ಕತ್ತರಿಸುವ ವೈರ್‌ಕಟ್‌ಗೆ, ಮೋಲ್ಡ್ ಟ್ರಯಲ್ ನೋಡುತ್ತಿದ್ದವರು ಪ್ಲಾಸ್ಟಿಕ್ಕಿನ ಗುಣವನ್ನೇ ಅರೆದು ಕುಡಿದವರಾಗುತ್ತಾರೆ. ಎಬಿಎಸ್ ಪ್ಲಾಸ್ಟಿಕ್ ತಣಿದಾಗ ಸುಮಾರು ಅರ್ಧ ಶೇಕಡಾ ಕುಗ್ಗುತ್ತದೆ, ಹಾಗಾಗಿ 100 ಮಿ.ಮೀ. ಭಾಗಕ್ಕೆ ಅಚ್ಚು 100.5 ಇರಬೇಕು, ಪಾಲಿಪ್ರೊಪಿಲೀನ್ ಇನ್ನೂ ಹೆಚ್ಚು ಕುಗ್ಗುತ್ತದೆ. ಎಬಿಎಸ್‌ಗೆ ಮಾಡಿದ ಅಚ್ಚಿಗೆ ಪಾಲಿಪ್ರೊಪಿಲೀನ್ ಹಾಕಿದರೆ ಮುಚ್ಚಳ ಡಬ್ಬಿಗೆ ಕೂರದಿರುವುದು ಇದಕ್ಕೇ. ಬೆಂಚಿನ ಮೇಲೆ ಕೆಲಸ ಮಾಡಿದ ಡಿಸೈನರನ ಡ್ರಾಯಿಂಗಿನಲ್ಲಿ ಸ್ಪ್ಯಾನರ್ ಆಡಿಸಲು ಜಾಗವಿರುತ್ತದೆ. ಬರೀ ಕಂಪ್ಯೂಟರ್ ನೋಡಿದವರದರಲ್ಲಿ ಇರುವುದಿಲ್ಲ.

ಕೋರ್ಸಿನ ನಂತರ ಅಪ್ರೆಂಟಿಸ್ ತರಬೇತಿ. 1961ರ ಅಪ್ರೆಂಟಿಸ್ ಕಾಯ್ದೆಯ ಪ್ರಕಾರ ಮೂವತ್ತು ಅಥವಾ ಹೆಚ್ಚು ಜನರಿರುವ ಸಂಸ್ಥೆಗಳು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು. 2019ರ ನಿಯಮ ತಿದ್ದುಪಡಿಯಲ್ಲಿ ನಿಗದಿಯಾದ ಕನಿಷ್ಠ ಸ್ಟೈಪೆಂಡ್ ತಿಂಗಳಿಗೆ ಐಟಿಐ ಪ್ರಮಾಣಪತ್ರ ಇರುವವರಿಗೆ 7,000 ರೂಪಾಯಿ, ಡಿಪ್ಲೊಮಾದವರಿಗೆ 8,000; ಇವು ಪರಿಷ್ಕರಣೆಯಾಗುವ ಅಂಕಿಗಳು, ಸೇರುವಾಗ ಸರ್ಕಾರದ ಅಪ್ರೆಂಟಿಸ್‌ಶಿಪ್ ಪೋರ್ಟಲಿನಲ್ಲಿ ನೋಡಿಕೊಳ್ಳಿ. ಕಾನೂನಿನ ಕಣ್ಣಿನಲ್ಲಿ ಅಪ್ರೆಂಟಿಸ್ ಕಲಿಯುವವರು, ಕಾರ್ಮಿಕರಲ್ಲ. ಅವಧಿ ಮುಗಿದ ಮೇಲೆ ಕೆಲಸ ಕೊಡಲೇಬೇಕೆಂಬ ಕಟ್ಟುಪಾಡು ಸಾಮಾನ್ಯವಾಗಿ ಮಾಲೀಕರ ಮೇಲಿಲ್ಲ. ಬಹಳ ಜನ ಮೋಸಹೋಗುವುದು ಒಪ್ಪಂದದ ವಿಷಯದಲ್ಲಿ. ಒಪ್ಪಂದ ಸರ್ಕಾರಿ ಪೋರ್ಟಲಿನಲ್ಲಿ ನೋಂದಣಿಯಾಗದಿದ್ದರೆ ಅದು ಅಪ್ರೆಂಟಿಸ್‌ಶಿಪ್ ಅಲ್ಲ, ಬರೀ 'ಟ್ರೈನಿ' ಎಂಬ ಹೆಸರಿನ ಅಗ್ಗದ ದುಡಿಮೆ. ಕೊನೆಗೆ ಪ್ರಮಾಣಪತ್ರವೂ ಬರುವುದಿಲ್ಲ. ಮೊದಲ ವಾರದಲ್ಲೇ ನೋಂದಣಿ ಸಂಖ್ಯೆ ಕೇಳಿ.

ಸಂಸ್ಥೆ ಆರಿಸುವಾಗಲೂ ಹಾಗೇ. ಐಟಿಐಗೆ ಎನ್‌ಸಿವಿಟಿ (ರಾಷ್ಟ್ರೀಯ ವೃತ್ತಿ ತರಬೇತಿ ಮಂಡಳಿ) ಮಾನ್ಯತೆ ಇದೆ ಎಂಬ ಬೋರ್ಡು ಸಾಲದು. ಮಾನ್ಯತೆ ಸಿಗುವುದು ಒಂದೊಂದು ಟ್ರೇಡಿಗೆ, ಅದರಲ್ಲೂ ಇಂತಿಷ್ಟು ಯೂನಿಟ್ಟಿಗೆ. ನೀವು ಸೇರುವ ಟ್ರೇಡಿನ ಹೆಸರು ಆ ಪಟ್ಟಿಯಲ್ಲಿ ಇದೆಯೇ ನೋಡಿ. ಡಿಪ್ಲೊಮಾ ಎಂದರೆ ಎಐಸಿಟಿಇ (ಅಖಿಲ ಭಾರತ ತಾಂತ್ರಿಕ ಶಿಕ್ಷಣ ಮಂಡಳಿ) ಅನುಮೋದನೆ ಕೇಳಿ, ಏಕೆಂದರೆ ಮುಂದೆ ಡಿಪ್ಲೊಮಾದವರ ಪ್ರವೇಶ ಪರೀಕ್ಷೆ ಡಿಸಿಇಟಿ ಬರೆದು ಎಂಜಿನಿಯರಿಂಗಿನ ಎರಡನೇ ವರ್ಷಕ್ಕೆ ಸೇರುವಾಗ ಅದೇ ಆಧಾರ. ವರ್ಕ್‌ಶಾಪಿನೊಳಗೆ ಹೋಗಿ ನೋಡಲು ಬಿಡದ ಸಂಸ್ಥೆಗೆ ಫೀಸು ಕಟ್ಟಬೇಡಿ. ಬಿಟ್ಟರೆ ಯಂತ್ರಗಳ ಹೊಳಪು ನೋಡಬೇಡಿ, ಯಂತ್ರದ ಕೆಳಗೆ ಲೋಹದ ಸಿಪ್ಪೆ ಬಿದ್ದಿದೆಯೇ ನೋಡಿ. ಸಿಪ್ಪೆ ಇಲ್ಲ ಎಂದರೆ ಯಂತ್ರ ಓಡುತ್ತಿಲ್ಲ. ಮೂರು ತಿಂಗಳಲ್ಲಿ ಸಿಎನ್‌ಸಿ ಕಲಿಸಿ ಕೆಲಸ ಗ್ಯಾರಂಟಿ ಎನ್ನುವ ಜಾಹೀರಾತುಗಳ ಹಿಂದೆ ಹೆಚ್ಚಾಗಿ ಇರುವುದು ಕಂಪ್ಯೂಟರ್ ಪರದೆಯ ಮೇಲಿನ ಸಿಮ್ಯುಲೇಷನ್ ಅಷ್ಟೇ.

ಸಂದರ್ಶನದಲ್ಲಿ ಕಳೆದುಹೋದ ವರ್ಷದ ಬಗ್ಗೆ ಪ್ರಶ್ನೆ ಬಂದೇ ಬರುತ್ತದೆ. ಅನಾರೋಗ್ಯ, ಮನೆಯ ತೊಂದರೆ ಎಂದು ಕಥೆ ಕಟ್ಟಿದರೆ ಮುಂದಿನ ಎರಡು ಪ್ರಶ್ನೆಗಳಲ್ಲೇ ಅದು ಬಯಲಾಗುತ್ತದೆ. 'ಪಿಯುಸಿ ಮ್ಯಾಥ್ಸ್ ಫೇಲಾಯ್ತು ಸರ್, ಆಮೇಲೆ ಟೂಲ್ ಅಂಡ್ ಡೈ ಸೇರಿದೆ' ಎಂದರೆ ಒಂದೇ ವಾಕ್ಯದಲ್ಲಿ ಮುಗಿಯಿತು. ಕೈಯಲ್ಲಿ ನೀವೇ ಮಾಡಿದ ಒಂದು ಜಾಬ್ ಮತ್ತು ಅದರ ಡ್ರಾಯಿಂಗ್ ಇರಲಿ. ಒಂದರೊಳಗೊಂದು ಕೂರುವ ಗಂಡು-ಹೆಣ್ಣು ಹೊಂದಿಕೆಯ ಫಿಟ್ಟಿಂಗ್ ತುಂಡಾದರೂ ಸಾಕು. ತುಕ್ಕು ಹಿಡಿಯದಂತೆ ತೆಳುವಾಗಿ ಎಣ್ಣೆ ಸವರಿ ಕಾಗದದಲ್ಲಿ ಸುತ್ತಿಡಿ. ಎದುರಿಗೆ ಕುಳಿತ ಫೋರ್‌ಮನ್ ಅಂಕಪಟ್ಟಿ ಪಕ್ಕಕ್ಕಿಟ್ಟು ಅದನ್ನು ಬೆಳಕಿಗೆ ಹಿಡಿಯುತ್ತಾರೆ, ಆಮೇಲೆ ಜೇಬಿನಿಂದ ಅಳತೆಯ ವರ್ನಿಯರ್ ಕ್ಯಾಲಿಪರ್ ತೆಗೆದು ನಿಮ್ಮ ಕೈಗೇ ಕೊಟ್ಟು 'ಅಳೀರಿ' ಎನ್ನುತ್ತಾರೆ. ಅಳೆಯುವ ಮೊದಲು ದವಡೆ ಮುಚ್ಚಿ ಸೊನ್ನೆ ಸರಿಯಿದೆಯೇ ನೋಡಿಕೊಳ್ಳಿ. ಅವರು ಕಾಯುತ್ತಿರುವುದೇ ಅದಕ್ಕೆ.