ಹಸು ತೇಗಿದರೆ ತೆರಿಗೆ ಯಾರು ಕಟ್ಟಬೇಕು?

2003ರ ಸೆಪ್ಟೆಂಬರ್. ನ್ಯೂಜಿಲೆಂಡಿನ ಸಂಸದ ಶೇನ್ ಆರ್ಡರ್ನ್ ವೆಲಿಂಗ್ಟನ್‌ನ ಸಂಸತ್ ಭವನದ ಮೆಟ್ಟಿಲ ಮೇಲೆ ಹಳೇ ಟ್ರ್ಯಾಕ್ಟರ್ ಹತ್ತಿಸಿಬಿಟ್ಟರು. ಟ್ರ್ಯಾಕ್ಟರಿಗೆ ಮಿರ್ಟಲ್ ಅಂತ ಹೆಸರು ಬೇರೆ. ಸಿಟ್ಟೆಲ್ಲ ಒಂದು ತೆರಿಗೆಯ ಮೇಲೆ. ದನ, ಕುರಿಗಳು ಬಿಡುವ ಮೀಥೇನ್ ತಗ್ಗಿಸುವ ಸಂಶೋಧನೆಗೆಂದು ರೈತರಿಂದ ವರ್ಷಕ್ಕೆ 84 ಲಕ್ಷ ಡಾಲರ್ ಎತ್ತಲು ಹೆಲೆನ್ ಕ್ಲಾರ್ಕ್ ಸರ್ಕಾರ ಹೊರಟಿತ್ತು. ರೈತರು ಅದಕ್ಕೆ 'ಹೂಸಿನ ತೆರಿಗೆ' ಎಂದು ಹೆಸರಿಟ್ಟರು. ಊರೆಲ್ಲ ನಗುವ ತೆರಿಗೆಯನ್ನು ಯಾವ ಸರ್ಕಾರ ವಸೂಲಿ ಮಾಡೀತು? ಕೈಬಿಟ್ಟರು.

ಅಸಲಿಗೆ ಆ ಹೆಸರೇ ತಪ್ಪು. ಮೀಥೇನ್ ಬಹುಪಾಲು ಹೊರಬರುವುದು ಬಾಯಿಂದ, ತೇಗಿನಲ್ಲಿ. ಮೆಲುಕು ಹಾಕುವ ಪ್ರಾಣಿಯ ಮೊದಲ ಹೊಟ್ಟೆ ಒಂದು ದೊಡ್ಡ ಹುದುಗಿನ ಗಡಿಗೆ ಇದ್ದಂತೆ. ಅಲ್ಲಿ ಸೂಕ್ಷ್ಮಜೀವಿಗಳು ಹುಲ್ಲಿನ ನಾರನ್ನು ಕೊಳೆಸುವಾಗ ಹೈಡ್ರೋಜನ್ ಹುಟ್ಟುತ್ತದೆ. ಇನ್ನೊಂದು ಜಾತಿಯ ಜೀವಿಗಳು ಅದನ್ನು ಇಂಗಾಲದ ಡೈಆಕ್ಸೈಡ್ ಜೊತೆ ಸೇರಿಸಿ ಮೀಥೇನ್ ಮಾಡುತ್ತವೆ. ಈ ಅನಿಲ ಗಾಳಿಯಲ್ಲಿ ಉಳಿಯುವುದು ಸುಮಾರು 12 ವರ್ಷ ಅಷ್ಟೇ. ಆದರೆ ಇರುವಷ್ಟು ದಿನ ಭೂಮಿಯನ್ನು ಜೋರಾಗಿ ಕಾಯಿಸುತ್ತದೆ.

ನ್ಯೂಜಿಲೆಂಡಿಗೆ ಇದು ಸಣ್ಣ ವಿಷಯ ಅಲ್ಲ. ಅಲ್ಲಿನ ಹಸಿರುಮನೆ ಅನಿಲಗಳಲ್ಲಿ ಹೆಚ್ಚುಕಮ್ಮಿ ಅರ್ಧ ಕೃಷಿಯದ್ದೇ. ಆದರೂ 2008ರಲ್ಲಿ ಮಾಲಿನ್ಯಕ್ಕೆ ಬೆಲೆ ಕಟ್ಟುವ ಕಾನೂನು ಬಂದಾಗ ಕೃಷಿಯ ಸರದಿಯನ್ನು ಮುಂದೆ ಹಾಕಿದರು. ಆಮೇಲೆ ಇನ್ನೂ ಮುಂದೆ ಹಾಕಿದರು. 2019ರಲ್ಲಿ ಗುರಿಯೊಂದು ಕಾನೂನಾಯಿತು: 2017ಕ್ಕೆ ಹೋಲಿಸಿದರೆ 2050ರೊಳಗೆ ದನಕುರಿಗಳ ಮೀಥೇನ್ ಶೇ 24ರಿಂದ 47ರಷ್ಟು ಇಳಿಯಬೇಕು. ತೆರಿಗೆ ಹೇಗಿರಬೇಕೆಂದು ರೈತರೇ ಸರ್ಕಾರದ ಜೊತೆ ಕೂತು ಹೇಳಲಿ ಎಂದು ಒಂದು ಕೂಟವೂ ಆಯಿತು. ಅದರ ಮಾವೋರಿ ಹೆಸರು 'ಹೆ ವಾಕಾ ಎಕೆ ನೋವಾ', ಎಲ್ಲರೂ ಒಂದೇ ದೋಣಿಯಲ್ಲಿ ಅಂತ.

ದೋಣಿ ದಡ ಮುಟ್ಟಲಿಲ್ಲ. 2022ರ ಅಕ್ಟೋಬರಿನಲ್ಲಿ ಜಸಿಂಡಾ ಆರ್ಡರ್ನ್ ಸರ್ಕಾರ (ಟ್ರ್ಯಾಕ್ಟರ್ ಹತ್ತಿಸಿದವರದ್ದೇ ಅಡ್ಡಹೆಸರು, ಪಕ್ಷ ಬೇರೆ) 2025ರಿಂದ ತೆರಿಗೆ ಎಂದಿತು. ಮತ್ತೆ ಟ್ರ್ಯಾಕ್ಟರ್‌ಗಳು ಬೀದಿಗೆ ಬಂದವು. 2023ರಲ್ಲಿ ಸರ್ಕಾರ ಬದಲಾಯಿತು, 2024ರಲ್ಲಿ ಕೂಟವನ್ನು ಮುಚ್ಚಿದರು. 2025ರಲ್ಲಿ ಆ 24–47ರ ಗುರಿಯನ್ನೇ ಶೇ 14–24ಕ್ಕೆ ಇಳಿಸಿ, ಮೀಥೇನಿಗೆ ತೆರಿಗೆ ಇಲ್ಲ ಎಂದರು. ಅತ್ತ ಡೆನ್ಮಾರ್ಕ್ 2030ರಿಂದ ಇಂಥದ್ದೇ ತೆರಿಗೆ ಹಾಕಲು ಒಪ್ಪಿಕೊಂಡಿದೆ.

ರೈತರದ್ದು ಬರೀ ಹಟ ಎನ್ನಲು ನನಗೆ ಮನಸ್ಸಿಲ್ಲ. ತೆರಿಗೆ ಹಾಕಿದರೆ ತಪ್ಪಿಸಿಕೊಳ್ಳಲು ದಾರಿಯೂ ಇರಬೇಕು, ಅಲ್ವಾ? ಯುರೋಪ್ 2022ರಲ್ಲಿ ಒಪ್ಪಿದ ಬೋವೇರ್ ಎಂಬ ಪುಡಿ ಹಾಲು ಕರೆಯುವ ಹಸುಗಳ ಮೀಥೇನನ್ನು ಸುಮಾರು ಶೇ 30 ತಗ್ಗಿಸುತ್ತದೆ. ಆದರೆ ಅದನ್ನು ದಿನವೂ ಮೇವಿನಲ್ಲಿ ಬೆರೆಸಬೇಕು. ಕೊಟ್ಟಿಗೆಯಲ್ಲಿ ಕಟ್ಟಿ ಮೇಯಿಸುವ ಕಡೆ ಸರಿ. ನ್ಯೂಜಿಲೆಂಡಿನ ಹಸುಗಳು ವರ್ಷವಿಡೀ ಬಯಲಲ್ಲೇ ಮೇಯುತ್ತವೆ, ಪುಡಿ ತಿನ್ನಿಸುವುದು ಯಾವಾಗ? ಅದಕ್ಕೇ ಅಲ್ಲಿನವರು ಕಡಿಮೆ ತೇಗುವ ಕುರಿಗಳನ್ನು ಆರಿಸಿ ತಳಿ ಮಾಡಿದ್ದಾರೆ. ಅದು ತಲೆಮಾರುಗಳ ಕೆಲಸ.

ಮೇವಿನದ್ದೇ ಇನ್ನೊಂದು ಲೆಕ್ಕವಿದೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2013ರಲ್ಲಿ ಹೇಳಿದ ಪ್ರಕಾರ, ಪಶುಸಂಗೋಪನೆಯ ಒಟ್ಟು ಹಸಿರುಮನೆ ಅನಿಲಗಳಲ್ಲಿ ತೇಗಿನ ಪಾಲು ಶೇ 39. ಮೇವು ಬೆಳೆದು ತಯಾರಿಸುವುದರ ಪಾಲು ಶೇ 45. ಬಯಲಲ್ಲಿ ಮೇಯಿಸುವ ನ್ಯೂಜಿಲೆಂಡ್ ಕೂಡ ಇಂಡೋನೇಷ್ಯಾ, ಮಲೇಷ್ಯಾಗಳಿಂದ ತಾಳೆ ಬೀಜದ ಹಿಂಡಿಯನ್ನು ರಾಶಿಗಟ್ಟಲೆ ತರಿಸುತ್ತದೆ.

ನಮ್ಮಲ್ಲಿ ಕತೆ ಬೇರೆ. ಎರಡು ಮೂರು ಹಸು ಕಟ್ಟಿದವರೇ ಜಾಸ್ತಿ. ಒಣಹುಲ್ಲು ತಿಂದು ನಾಲ್ಕು ಲೀಟರ್ ಕೊಡುವ ಹಸುವಿಗೆ ಲೀಟರ್ ಲೆಕ್ಕದಲ್ಲಿ ಮೀಥೇನ್ ಹೆಚ್ಚೇ ಬೀಳುತ್ತದೆ. ಹಸಿಮೇವು, ಹಿಂಡಿ, ಖನಿಜ ಮಿಶ್ರಣ ಹದವಾಗಿ ಕೊಟ್ಟರೆ ಹಾಲು ಏರುತ್ತದೆ, ಲೀಟರಿನ ಮೀಥೇನ್ ಇಳಿಯುತ್ತದೆ. ಬೆಂಗಳೂರಿನ ಆಡುಗೋಡಿಯಲ್ಲಿರುವ ರಾಷ್ಟ್ರೀಯ ಪಶು ಪೋಷಣಾ ಸಂಸ್ಥೆಯ ವಿಜ್ಞಾನಿಗಳು ಒಗರು ಇರುವ ಗಿಡಮೂಲ ವಸ್ತುಗಳಿಂದ 'ಹರಿತ್ ಧಾರಾ' ಎಂಬ ಪುಡಿ ಮಾಡಿದ್ದಾರೆ. ಶೇ 17ರಿಂದ 20ರಷ್ಟು ಮೀಥೇನ್ ಇಳಿಯುತ್ತದೆ ಎನ್ನುತ್ತಾರೆ. ಒಗರು ಕೊಡುವ ಟ್ಯಾನಿನ್ನೇ ಅಲ್ಲಿ ಕೆಲಸ ಮಾಡುವುದು.

ತೆರಿಗೆಯ ಮಾತು ಇಲ್ಲಿ ಯಾರೂ ಎತ್ತಿಲ್ಲ. ಆದರೆ ಪುಡಿಯ ದುಡ್ಡು ಯಾರು ಕೊಡಬೇಕು ಎಂಬುದು ಇಲ್ಲೂ ಇದೆ. ಡೇರಿಯಲ್ಲಿ ದರ ಕಟ್ಟುವುದು ಫ್ಯಾಟ್ ನೋಡಿ, ತೇಗು ನೋಡಿ ಅಲ್ಲ.