ಬಂದೂಕು ಕೆಳಗಿಟ್ಟು ಮಂತ್ರಿಗಳಾದವರು: ಲೆಬನಾನ್ ಅಂತರ್ಯುದ್ಧದ ನಾಯಕರು

ನಬೀಹ್ ಬೆರ್ರಿ 1992ರಲ್ಲಿ ಲೆಬನಾನ್ ಸಂಸತ್ತಿನ ಸ್ಪೀಕರ್ ಆದರು. 2025ರಲ್ಲಿ ಹೊಸ ಅಧ್ಯಕ್ಷರ ಆಯ್ಕೆ ನಡೆದಾಗಲೂ ಅದೇ ಪೀಠದಲ್ಲಿದ್ದರು. ಆ ಪೀಠ ಏರುವ ಮೊದಲು, ಅಂತರ್ಯುದ್ಧದ ಕಾಲದಲ್ಲಿ, ‘ಅಮಲ್’ ಎಂಬ ಶಿಯಾ ಸಶಸ್ತ್ರ ಪಡೆಯನ್ನು ನಡೆಸುತ್ತಿದ್ದವರು ಅವರೇ. ಅವರೊಬ್ಬರ ಕಥೆಯಾಗಿದ್ದರೆ ವಿಶೇಷವೇನೂ ಇರುತ್ತಿರಲಿಲ್ಲ. 1975ರಿಂದ 1990ರವರೆಗೆ ನಡೆದು, ಅಂದಾಜು ಒಂದೂವರೆ ಲಕ್ಷ ಜನರನ್ನು ಬಲಿ ಪಡೆದ ಆ ಯುದ್ಧದಲ್ಲಿ ಬದುಕುಳಿದ ಸೇನಾನಿಗಳಲ್ಲಿ ಬಹುತೇಕರು ಮುಂದೆ ದೇಶ ಆಳಿದರು.

ಜಗಳದ ಬೇರು ಒಂದು ಜನಗಣತಿಯಲ್ಲಿದೆ. ಫ್ರೆಂಚರ ಆಡಳಿತದಲ್ಲಿ, 1932ರಲ್ಲಿ, ನಡೆದ ಗಣತಿಯಲ್ಲಿ ಕ್ರೈಸ್ತರು ಅಲ್ಪ ಬಹುಮತದಲ್ಲಿದ್ದರು. ಸ್ವಾತಂತ್ರ್ಯ ಬಂದ 1943ರಲ್ಲಿ ಮುಖಂಡರು ಬಾಯಿಮಾತಿನಲ್ಲೇ ಒಪ್ಪಂದ ಮಾಡಿಕೊಂಡರು: ಅಧ್ಯಕ್ಷ ಮರೊನೈಟ್ ಕ್ರೈಸ್ತ, ಪ್ರಧಾನಿ ಸುನ್ನಿ, ಸ್ಪೀಕರ್ ಶಿಯಾ. ಸಂಸತ್ತಿನಲ್ಲಿ ಆರು ಕ್ರೈಸ್ತರಿಗೆ ಐದು ಮುಸ್ಲಿಮರು. ಜನಸಂಖ್ಯೆಯ ಲೆಕ್ಕ ಬದಲಾಗುತ್ತಾ ಹೋದರೂ ಮತ್ತೆ ತಲೆ ಎಣಿಸುವ ಧೈರ್ಯ ಯಾರಿಗೂ ಬರಲಿಲ್ಲ. ಆ ದೇಶದಲ್ಲಿ ಇಂದಿಗೂ ಮತ್ತೊಂದು ಗಣತಿ ಆಗಿಲ್ಲ. ಇದರ ಮೇಲೆ, ಜೋರ್ಡಾನಿನಿಂದ ಹೊರದೂಡಲ್ಪಟ್ಟ ಪ್ಯಾಲೆಸ್ತೀನಿ ಹೋರಾಟಗಾರರು 1970ರ ನಂತರ ಬಂದು ಬೈರೂತ್‌ನಲ್ಲಿ ನೆಲೆಯೂರಿದರು. 1975ರ ಏಪ್ರಿಲ್ 13ರಂದು ಐನ್ ಅಲ್-ರಮ್ಮಾನೆ ಬಡಾವಣೆಯಲ್ಲಿ ಕ್ರೈಸ್ತ ಬಂದೂಕುಧಾರಿಗಳು ಪ್ಯಾಲೆಸ್ತೀನಿಯರಿದ್ದ ಬಸ್ಸಿನ ಮೇಲೆ ಗುಂಡಿನ ಮಳೆಗರೆದರು. ಅಲ್ಲಿಂದ ಯುದ್ಧ.

ಆ ದಿನ ಬೆಳಿಗ್ಗೆ ಅದೇ ಬಡಾವಣೆಯ ಚರ್ಚಿನ ಹೊರಗೂ ಗುಂಡು ಹಾರಿತ್ತು. ಅಲ್ಲಿಗೆ ಬಂದಿದ್ದವರು ಪಿಯರ್ ಜೆಮಾಯೆಲ್. ಔಷಧ ಅಂಗಡಿ ನಡೆಸುತ್ತಿದ್ದ, ಫುಟ್‌ಬಾಲ್ ಹುಚ್ಚಿನ ಈ ಮನುಷ್ಯ 1936ರ ಬರ್ಲಿನ್ ಒಲಿಂಪಿಕ್ಸ್‌ಗೆ ಹೋಗಿ, ಅಲ್ಲಿನ ಶಿಸ್ತಿಗೆ ಮರುಳಾಗಿ, ಊರಿಗೆ ಮರಳಿ ‘ಕತಾಯೆಬ್’ ಎಂಬ ಕ್ರೈಸ್ತ ಪಕ್ಷ ಕಟ್ಟಿದ್ದರು. ಎದುರು ಪಾಳಯದಲ್ಲಿದ್ದ ಕಮಾಲ್ ಜುಂಬ್ಲಾತ್ ಬೇರೆಯೇ ಬಗೆಯ ವ್ಯಕ್ತಿ. ಶೂಫ್ ಬೆಟ್ಟಗಳಲ್ಲಿ ನೆಲೆಸಿದ ದ್ರೂಜ್ ಎಂಬ ಸಣ್ಣ ಧಾರ್ಮಿಕ ಸಮುದಾಯದ ಪಾಳೆಯಗಾರ ಮನೆತನದ ಕುಡಿಯಾಗಿದ್ದೂ ಸಮಾಜವಾದಿ ಪಕ್ಷ ಕಟ್ಟಿದರು. ಗಾಂಧಿಯನ್ನು ಮೆಚ್ಚಿದರು, ಭಾರತಕ್ಕೆ ಬಂದು ವೇದಾಂತದ ರುಚಿ ಹತ್ತಿಸಿಕೊಂಡರು, ಸೋವಿಯತ್ ಒಕ್ಕೂಟದ ಲೆನಿನ್ ಶಾಂತಿ ಪ್ರಶಸ್ತಿ ಪಡೆದರು. ಇಷ್ಟೆಲ್ಲ ಆದ ಮೇಲೆ ಸಶಸ್ತ್ರ ಪಡೆಗಳ ಒಕ್ಕೂಟವೊಂದನ್ನು ಮುನ್ನಡೆಸಿದರು. ಈ ವೈರುಧ್ಯವನ್ನು ಬಿಡಿಸಲು ನಾನು ಹೋಗುವುದಿಲ್ಲ. ಅವರ ಕಾಲದ ಲೆಬನಾನೇ ಹಾಗಿತ್ತು.

1976ರಲ್ಲಿ ಕ್ರೈಸ್ತ ಪಡೆಗಳು ಸೋಲುವಂತಾದಾಗ ಸಿರಿಯಾದ ಅಧ್ಯಕ್ಷ ಹಾಫೆಜ್ ಅಲ್-ಅಸಾದ್ ಸೇನೆ ನುಗ್ಗಿಸಿ ಜುಂಬ್ಲಾತ್ ಅವರ ಗೆಲುವನ್ನು ತಡೆದರು. 1977ರ ಮಾರ್ಚ್ 16ರಂದು ಜುಂಬ್ಲಾತ್ ತಮ್ಮ ಕಾರಿನಲ್ಲೇ ಹತ್ಯೆಗೀಡಾದರು. ಬೆರಳು ತೋರಿದ್ದು ಡಮಾಸ್ಕಸ್ ಕಡೆಗೇ. ನಲವತ್ತು ದಿನಗಳ ಶೋಕ ಮುಗಿಸಿದ ಮಗ ವಲೀದ್, 27ರ ಹರೆಯದಲ್ಲಿ, ಅದೇ ಡಮಾಸ್ಕಸ್‌ಗೆ ಹೋಗಿ ಅಸಾದ್ ಕೈಕುಲುಕಿದರು. ಅದು ಹೇಡಿತನವೆಂದು ದೂರದಲ್ಲಿ ಕೂತು ಹೇಳುವುದು ಸುಲಭ. ಆದರೆ ಸಣ್ಣ ಸಮುದಾಯವೊಂದರ ಮುಖಂಡನಿಗೆ ಅಂದು ಬೇರೆ ದಾರಿ ಇತ್ತೇ ಎಂಬ ಪ್ರಶ್ನೆಗೆ ಒಳ್ಳೆಯ ಉತ್ತರ ನನಗೆ ಇದುವರೆಗೆ ಸಿಕ್ಕಿಲ್ಲ.

ಪಿಯರ್ ಅವರ ಮಗ ಬಶೀರ್ ಮೊದಲು ತನ್ನವರನ್ನೇ ಮಟ್ಟಹಾಕಿದ. 1978ರಲ್ಲಿ ಎಹ್ದೆನ್ ಊರಿನ ಮೇಲೆ ಅವನ ಪಡೆ ಎರಗಿದಾಗ, ಮಾಜಿ ಅಧ್ಯಕ್ಷ ಸುಲೇಮಾನ್ ಫ್ರಾಂಜಿಯೆ ಅವರ ಮಗ, ಸೊಸೆ, ಪುಟ್ಟ ಮೊಮ್ಮಗಳು ಸತ್ತರು. 1980ರಲ್ಲಿ ಮತ್ತೊಂದು ಕ್ರೈಸ್ತ ಪಡೆ ‘ಟೈಗರ್ಸ್’ ಸರದಿ. 1982ರ ಆಗಸ್ಟ್‌ನಲ್ಲಿ, ಇಸ್ರೇಲಿ ಸೇನೆ ಬೈರೂತ್ ಸುತ್ತುವರಿದಿದ್ದಾಗ, ಬಶೀರ್ ಅಧ್ಯಕ್ಷನಾಗಿ ಆಯ್ಕೆಯಾದ. ಅಧಿಕಾರ ವಹಿಸಿಕೊಳ್ಳುವ ಮೊದಲೇ, ಸೆಪ್ಟೆಂಬರ್ 14ರಂದು, ಬಾಂಬಿಗೆ ಬಲಿಯಾದ. ಎರಡೇ ದಿನಗಳಲ್ಲಿ ಅವನ ಕಡೆಯವರು ಸಬ್ರಾ ಮತ್ತು ಶತೀಲಾ ಶಿಬಿರಗಳಿಗೆ ನುಗ್ಗಿ ಪ್ಯಾಲೆಸ್ತೀನಿ ನಿರಾಶ್ರಿತರ ಮಾರಣಹೋಮ ನಡೆಸಿದರು. ಅದರ ನೇತೃತ್ವ ವಹಿಸಿದವನೆಂದು ಹೆಸರಾದ ಎಲೀ ಹೊಬೇಕಾ ಯುದ್ಧದ ನಂತರ ಸಚಿವನಾದ.

ಶಿಯಾಗಳ ಕಡೆ, ‘ಅಮಲ್’ ಸ್ಥಾಪಕ, ಇರಾನಿನಲ್ಲಿ ಹುಟ್ಟಿದ ಧರ್ಮಗುರು ಮೂಸಾ ಅಲ್-ಸದ್ರ್ 1978ರಲ್ಲಿ ಲಿಬಿಯಾಕ್ಕೆ ಹೋದವರು ಕಣ್ಮರೆಯಾದರು. ಬೆರ್ರಿ ಮೇಲೆ ಬಂದದ್ದು ಆ ಜಾಗಕ್ಕೆ. ಸೌದಿ ಅರೇಬಿಯಾದ ತಾಯಿಫ್‌ನಲ್ಲಿ 1989ರಲ್ಲಿ ಸಂಸದರು ಸೇರಿ ಸಂಧಾನ ಮಾಡಿಕೊಂಡರು: ಕ್ರೈಸ್ತ, ಮುಸ್ಲಿಮರಿಗೆ ಸಮಪಾಲು ಸ್ಥಾನ. ಸೇನಾ ಮುಖ್ಯಸ್ಥ ಮಿಶೆಲ್ ಔನ್ ಒಪ್ಪದೆ ಸೆಣಸಿ, 1990ರ ಅಕ್ಟೋಬರ್‌ನಲ್ಲಿ ಸಿರಿಯಾದ ದಾಳಿಗೆ ಸೋತು ಫ್ರೆಂಚ್ ರಾಯಭಾರ ಕಚೇರಿ ಸೇರಿದರು.

ಯುದ್ಧ ಮುಗಿದ ಮರುವರ್ಷ, 1991ರ ಆಗಸ್ಟ್‌ನಲ್ಲಿ, ಸಂಸತ್ತು ಕ್ಷಮಾದಾನ ಕಾನೂನು ತಂದಿತು. ನನ್ನ ಮಟ್ಟಿಗೆ ಇಡೀ ಕಥೆಯ ಗಂಟು ಇಲ್ಲಿದೆ. ಯುದ್ಧಕಾಲದ ರಾಜಕೀಯ ಅಪರಾಧಗಳೆಲ್ಲ ಮಾಫಿ. ಆದರೆ ರಾಜಕೀಯ, ಧಾರ್ಮಿಕ ಮುಖಂಡರ ಹತ್ಯೆ ಅದರಿಂದ ಹೊರಗೆ. ಅಂದರೆ ದಾರಿತಡೆಯಲ್ಲಿ ಗುರುತಿನ ಚೀಟಿಯಲ್ಲಿ ಬರೆದಿದ್ದ ಮತ ನೋಡಿ ಪ್ರಯಾಣಿಕನನ್ನು ಕೊಂದವನಿಗೆ ಕ್ಷಮೆಯಿತ್ತು, ನಾಯಕನನ್ನು ಕೊಂದವನಿಗೆ ಇರಲಿಲ್ಲ. ಕಾನೂನು ಬರೆದವರಿಗೆ ಯಾರ ಜೀವಕ್ಕೆ ಎಷ್ಟು ಬೆಲೆ ಎಂಬ ವಿಷಯದಲ್ಲಿ ಗೊಂದಲವೇ ಇರಲಿಲ್ಲ.

ಆ ವಿನಾಯಿತಿಯ ಸಂದಿಯಲ್ಲಿ ಸಿಕ್ಕಿಬಿದ್ದ ದೊಡ್ಡ ಹೆಸರು ಒಂದೇ: ಬಶೀರ್ ಸತ್ತ ಮೇಲೆ ಮುಂದೆ ಅವನ ಕ್ರೈಸ್ತ ಪಡೆಯ ಚುಕ್ಕಾಣಿ ಹಿಡಿದಿದ್ದ ಸಮೀರ್ ಜಾಜಾ. ಸಿರಿಯಾದ ಹಿಡಿತಕ್ಕೆ ಒಗ್ಗದ ಆತ ಪ್ರಧಾನಿ ರಶೀದ್ ಕರಾಮಿ ಹತ್ಯೆಯೂ ಸೇರಿದಂತೆ ಹಲವು ಆರೋಪಗಳಲ್ಲಿ ಶಿಕ್ಷೆಗೊಳಗಾಗಿ, 11 ವರ್ಷ ರಕ್ಷಣಾ ಸಚಿವಾಲಯದ ನೆಲಮಾಳಿಗೆಯಲ್ಲಿದ್ದ. ಅವನಷ್ಟೇ ಕೈಕೆಸರು ಮಾಡಿಕೊಂಡಿದ್ದವರು ಅದೇ ಹೊತ್ತಿನಲ್ಲಿ ಸಂಪುಟ ಸಭೆಗಳಲ್ಲಿ ಕುಳಿತಿದ್ದರು. 2005ರಲ್ಲಿ ಸಿರಿಯಾ ಸೇನೆ ಹಿಂದೆ ಸರಿದಾಗ ಅವನು ಹೊರಬಂದ, ಔನ್ ದೇಶಭ್ರಷ್ಟತೆಯಿಂದ ಮರಳಿದರು. ಹಿಂದೆ ಬೈರೂತ್‌ನ ಕ್ರೈಸ್ತ ಬಡಾವಣೆಗಳನ್ನೇ ಕಣವಾಗಿಸಿ ಪರಸ್ಪರ ಕಾದಾಡಿದ್ದ ಈ ಇಬ್ಬರೇ 2016ರಲ್ಲಿ ಕೈಜೋಡಿಸಿದರು, ಔನ್ ಅಧ್ಯಕ್ಷರಾದರು. 2019ರಲ್ಲಿ ಬೀದಿಗಿಳಿದ ಯುವಜನರು ‘ಎಲ್ಲರೂ ಎಂದರೆ ಎಲ್ಲರೂ’ ತೊಲಗಲಿ ಎಂದು ಕೂಗಿದ್ದು ಸುಮ್ಮನೆ ಅಲ್ಲ.

ಯುದ್ಧದಲ್ಲಿ ಕಾಣೆಯಾದವರ ಸಂಖ್ಯೆ ಸುಮಾರು 17,000 ಎಂದು ಹೇಳಲಾಗುತ್ತದೆ. 1982ರಲ್ಲಿ ಅಪಹರಣಗೊಂಡ ಗಂಡನಿಗಾಗಿ ಹುಡುಕಾಟ ಆರಂಭಿಸಿದ ವದಾದ್ ಹಲವಾನಿ, ತಮ್ಮಂಥ ಕುಟುಂಬಗಳ ಸಮಿತಿ ಕಟ್ಟಿ ದಶಕಗಳ ಕಾಲ ಸರ್ಕಾರದ ಬಾಗಿಲು ಬಡಿದರು. ಯುದ್ಧಕಾಲದ ಪ್ರಭಾವಿಗಳ ಪಟ್ಟಿಯಲ್ಲಿ ಅವರ ಹೆಸರು ಇರಬೇಕೆಂದೇ ನನ್ನ ವಾದ. ಕಾಣೆಯಾದವರ ಬಗ್ಗೆ ತಿಳಿಯುವ ಹಕ್ಕನ್ನು ಕುಟುಂಬಗಳಿಗೆ ಕೊಡುವ ಕಾನೂನು 2018ರಲ್ಲಿ ಕೊನೆಗೂ ಬಂತು. ಅದನ್ನು ಅಂಗೀಕರಿಸಿದ ಸದನದ ಸ್ಪೀಕರ್ ಬೆರ್ರಿ. ಹೂತ ಜಾಗ ಎಲ್ಲೆಂದು ಹೇಳಬಲ್ಲವರಲ್ಲಿ ಕೆಲವರಾದರೂ ಇದೇ ನಾಯಕರ ಪಡೆಗಳಲ್ಲಿದ್ದವರು. ಕ್ಷಮಾದಾನ ಸಿಕ್ಕಾಗಿರುವುದರಿಂದ ಬಾಯಿ ಬಿಡುವ ಒತ್ತಡ ಅವರ ಮೇಲಿಲ್ಲ.